ಮುಸುಕು ಹಾಕಿದ ತಟ್ಟೆ

ಲಿಫ್ಟ್ ರಿಪೇರಿ ಮಾಡುವ ಆ ಮನುಷ್ಯನನ್ನು ಎಲ್ಲರೂ ಕಿವಿಯಣ್ಣ ಅನ್ನುತ್ತಿದ್ದರು. ಒಂಬತ್ತು ಅಂತಸ್ತಿನ ಕಟ್ಟಡದ ಬುಡದಲ್ಲಿ ನಿಂತು, ಮೇಲೆಲ್ಲೋ ತಿರುಗುವ ಚಕ್ರದ ಸದ್ದು ಕೇಳಿ, "ಎಡಗಡೆ ಬೇರಿಂಗು. ಇನ್ನೆರಡು ವಾರ ಬಂದ್ರೆ ಹೆಚ್ಚು" ಅಂದುಬಿಡುತ್ತಿದ್ದ. ಎರಡು ವಾರಕ್ಕೆ ಅದು ಕೈಕೊಡುತ್ತಿತ್ತು.

ಅದೇ ಕಿವಿಯನ್ನು ಭಾನುವಾರ ಮಧ್ಯಾಹ್ನ ಬೇರೆ ಕೆಲಸಕ್ಕೆ ಹಚ್ಚುತ್ತಿದ್ದ. ಬೀಗ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂಬತ್ತು ಜನ ಸೇರುತ್ತಿದ್ದರು. ಸೋಲ್ ಸಂಗೀತದ ಹಳೇ ರೆಕಾರ್ಡುಗಳು, ಅದರಲ್ಲೂ ಎಲ್ಲಿ ಹುಡುಕಿದರೂ ಸಿಗದ ಏಳಿಂಚಿನ ತಟ್ಟೆಗಳು, ಇವರ ಹುಚ್ಚು. ಕಪ್ಪು ಜನರ ಚರ್ಚುಗಳಲ್ಲಿ, ಗಲ್ಲಿಗಳಲ್ಲಿ ಹುಟ್ಟಿದ ಸಂಗೀತ ಅದು. ಬಿಳಿಯರು ಅದನ್ನು ಹಾಡಿದರೆ ಅದು ಸೋಲ್ ಆಗುತ್ತದೋ ಇಲ್ಲವೋ ಅನ್ನುವುದು ಇವರ ಮುಗಿಯದ ಜಗಳ. ಕಿವಿಯಣ್ಣನದು ಒಂದೇ ತೀರ್ಪು: "ಬಿಳಿ ಗಂಟಲು ಅಂದ್ರೆ ಬಾಡಿಗೆ ಅಂಗಿ. ಹೊಲಿಗೆ ಎಲ್ಲಿ ಬಿಗಿಯುತ್ತೆ ಅಂತ ನಂಗೆ ಕೇಳ್ಸುತ್ತೆ." ಮೊದಲ ಸಾಲು ಮುಗಿಯುವುದರೊಳಗೆ ಹಾಡಿದವರ ಬಣ್ಣ ಹೇಳುತ್ತಿದ್ದ.

ಅವನ ಸಿಟ್ಟಿಗೆ ಬುಡವಿರಲಿಲ್ಲ ಅಂತಲ್ಲ. ಹಾಡು ಕಟ್ಟಿದವರು ಒಬ್ಬರು, ರೆಕಾರ್ಡಿನ ಹೊದಿಕೆಯ ಮೇಲೆ ಹಲ್ಲು ಕಿರಿದವರು ಇನ್ನೊಬ್ಬರು ಅನ್ನುವುದು ಸುಳ್ಳಲ್ಲ. ಆದರೆ ಇಷ್ಟೆಲ್ಲ ನ್ಯಾಯ ಹೇಳುತ್ತಿದ್ದ ಆ ಒಂಬತ್ತು ಜನರಲ್ಲಿ ಕಪ್ಪು ಜನ ಒಬ್ಬರೂ ಇರಲಿಲ್ಲ. ಅದು ಇಷ್ಟು ವರ್ಷದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈ ಗುಂಪಿಗೊಂದು ಪದ್ಧತಿಯಿತ್ತು. ಯಾರಿಗಾದರೂ ಅಪರೂಪದ ತಟ್ಟೆ ಸಿಕ್ಕರೆ, ನಡುವಿನ ಅಚ್ಚಿನ ಚೀಟಿಯ ಮೇಲೆ ಖಾಲಿ ಕಾಗದ ಅಂಟಿಸಿ, ಬಾಯಿಗೆ ಬಂದ ಸುಳ್ಳು ಹೆಸರು ಬರೆಯುವುದು. ಅದಕ್ಕೆ ಮುಸುಕು ಅನ್ನುತ್ತಿದ್ದರು. ಹೆಸರು ಗೊತ್ತಾದರೆ ಉಳಿದವರೂ ಹುಡುಕಿಕೊಂಡು ಹೋಗುತ್ತಾರಲ್ಲ! ಒಬ್ಬರ ಮುಸುಕನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಕಿವಿಯಣ್ಣನಿಗೆ ಹತ್ತೊಂಬತ್ತು ವರ್ಷದ ಹಿಂದೆ, ಮುಚ್ಚಿಹೋದ ನೃತ್ಯಶಾಲೆಯೊಂದರ ಮುರುಕು ಪೆಟ್ಟಿಗೆಯಲ್ಲಿ ಅಂಥದ್ದೊಂದು ಸಿಕ್ಕಿತ್ತು. ಹೆಣ್ಣು ದನಿ. ಕೇಳಿದವರ ಮೈ ಜುಂ ಅನ್ನಿಸುವ ದನಿ. ಅವನು ಮುಸುಕು ಹಾಕಿ, ಗುಂಪಿನ ಮುಂದೆ ಎದೆ ತಟ್ಟಿಕೊಂಡು ಹೇಳಿದ್ದ: "ಇದನ್ನ ಕಪ್ಪು ಹೆಣ್ಣು ಬಿಟ್ರೆ ಬೇರೆ ಯಾರೂ ಹಾಡೋಕಾಗಲ್ಲ."

ಎರಡು ವರ್ಷ ಕಳೆದ ಮೇಲೆ, ಆ ತಟ್ಟೆ ಅಚ್ಚುಹಾಕಿದ ಕಂಪನಿಯಲ್ಲಿ ಹಿಂದೆ ಕೆಲಸಕ್ಕಿದ್ದ ಮುದುಕನೊಬ್ಬ ಇವನ ಕಾಗದಕ್ಕೆ ಉತ್ತರ ಬರೆದು ಗಾಯಕಿಯ ಫೋಟೋ ಕಳಿಸಿದ. ಮಚ್ಚೆಮಚ್ಚೆ ಕೆನ್ನೆಯ, ಕೆಂಗೂದಲ ಬಿಳಿ ಹುಡುಗಿ. ಮಾಂಸದಂಗಡಿಯವನ ಮಗಳಂತೆ.

ಕಿವಿಯಣ್ಣ ಫೋಟೋ ಸುಟ್ಟ. ಬಾಯಿ ಹೊಲಿದುಕೊಂಡ.

ಅಷ್ಟರಲ್ಲಾಗಲೇ ಗುಂಪಿನ ಹಲ್ಲಿನ ಡಾಕ್ಟರು ತಮ್ಮ ಪುಟ್ಟ ಪತ್ರಿಕೆಯಲ್ಲಿ ಆ ಸುಳ್ಳು ಹೆಸರಿನ ಗಾಯಕಿಯ ಬಗ್ಗೆ ಎರಡು ಪುಟ ಬರೆದಾಗಿತ್ತು. ಏಳು ಜನ ಮಕ್ಕಳಲ್ಲಿ ಕೊನೆಯವಳು, ಕುಡುಕ ಗಂಡ, ಚಿಕ್ಕ ವಯಸ್ಸಿನ ಸಾವು. ಎಲ್ಲವೂ ದನಿಯಿಂದಲೇ ತಿಳಿಯಿತಂತೆ. ಓದಿದವರು ಕಣ್ಣೊರೆಸಿಕೊಂಡಿದ್ದರು. ಬೇರೆಯವರ ಸಂಕಟವನ್ನು ಸಕ್ಕರೆ ಹಾಕಿಕೊಂಡು ಕುಡಿಯುವ ಈ ಚಟಕ್ಕೆ ಅವರು ಸಂಗೀತಪ್ರೇಮ ಅಂತ ಹೆಸರಿಟ್ಟಿದ್ದರು.

ಅಂದಿನಿಂದ ಕಿವಿಯಣ್ಣನಿಗೆ ಎಲ್ಲರ ಮೇಲೂ ಗುಮಾನಿ. ರೆಕಾರ್ಡಿನ ಒಳಅಂಚಿನಲ್ಲಿ ಗೀರಿರುವ ನಂಬರು ಓದಿದರೆ ಕಂಪನಿ ಪತ್ತೆಯಾಗುತ್ತದೆ ಅಂತ ಆ ತಟ್ಟೆಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಬಚ್ಚಲಿಗೆ ಹೋದರೂ ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದ. ಒಂದು ಭಾನುವಾರ ಡಾಕ್ಟರ ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ಇಣುಕಿದ್ದನ್ನು ಕಂಡು, ಹೊಟ್ಟೆನೋವು ಅಂತ ನೆಪ ಹೇಳಿ ತಟ್ಟೆಯ ಜೊತೆ ಮನೆಗೆ ಓಡಿಬಂದಿದ್ದ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅವನ ಹೆಂಡತಿ ಅಂದಿದ್ದಳು: "ನಿಮ್ಮ ಅನುಮಾನಕ್ಕೆ ಮನೇಲಿ ಬೇರೆ ಕುರ್ಚಿನೇ ಹಾಕ್ಬೇಕು ರೀ. ನಮ್ಮಿಬ್ಬರಿಗಿಂತ ಅದೇ ದಪ್ಪ ಆಗ್ತಿದೆ."

ಈ ವರ್ಷ ಗುಂಪಿನವರು ಊರಿನ ಸಭಾಂಗಣದಲ್ಲಿ ಕುಣಿತದ ಮಧ್ಯಾಹ್ನ ನಡೆಸಿದರು. ಕಿವಿಯಣ್ಣ ತನ್ನ ಮುಸುಕಿನ ಹಾಡು ಹಾಕಿದ. ನೆಲ ಅದುರುವಂತೆ ಕುಣಿಯುತ್ತಿದ್ದವರ ನಡುವೆ ಒಬ್ಬ ಹೆಂಗಸು ಮಾತ್ರ ಕದಲದೆ ನಿಂತಿದ್ದಳು. ಕಪ್ಪು ಹೆಂಗಸು, ಬಸ್ಸಿನ ಡ್ರೈವರು, ಇನ್ನೂ ಸಮವಸ್ತ್ರದಲ್ಲೇ ಇದ್ದಳು. ಅವಳ ತುಟಿ ಅಲುಗುತ್ತಿತ್ತು. ಎರಡನೇ ಚರಣದ ಮಾತುಗಳನ್ನು ಅವಳು ಹಾಡಿಗಿಂತ ಒಂದು ಗಳಿಗೆ ಮುಂಚೆ ಹೇಳುತ್ತಿದ್ದಳು.

ಕಿವಿಯಣ್ಣ ಅವಳನ್ನೇ ನೋಡಿದ. ಲೋಕದಲ್ಲಿ ಇದೊಂದೇ ಪ್ರತಿ ಉಳಿದಿರುವುದು ಅಂದುಕೊಂಡಿದ್ದ. ಇವಳಿಗೆ ಹೇಗೆ ಗೊತ್ತು? ಯಾರು ಕಳಿಸಿದ್ದು?

ಮರುದಿನ ಸಂಜೆ ಅವಳು ಮನೆಗೇ ಬಂದಳು. ಹೆಂಡತಿ ಅಡುಗೆಮನೆಯಲ್ಲಿ ಕೂರಿಸಿ ಟೀ ಕೊಟ್ಟಳು. ಕಿವಿಯಣ್ಣ ಬಾಗಿಲಲ್ಲೇ ನಿಂತ.

"ವಿಳಾಸ ಡಾಕ್ಟ್ರು ಕೊಟ್ರಾ?"

"ಯಾವ ಡಾಕ್ಟ್ರು? ನಾನು ಹುಷಾರಾಗೇ ಇದೀನಿ. ನಿಮ್ಮ ವ್ಯಾನ್ ಮೇಲೆ ಲಿಫ್ಟ್ ಕಂಪನಿ ನಂಬರಿತ್ತಲ್ಲ, ಅಲ್ಲಿ ಕೇಳ್ದೆ." ಅವಳು ಲೋಟ ಕೆಳಗಿಟ್ಟಳು. "ಆ ಹಾಡು ನಮ್ಮ ತಾತಂದು."

"ಏನಂದ್ರಿ?"

"ಸ್ಟುಡಿಯೋದಲ್ಲಿ ಪಿಯಾನೋ ಬಾರಿಸ್ತಿದ್ರು. ಒಂದು ಹಾಡು ನಂದು, ಅಚ್ಚಾಗಿದೆ, ನನ್ನ ಹೆಸರಿದೆ ಅಂತಿದ್ರು. ರೆಕಾರ್ಡು ಅಂಗಡಿಗೆ ಬರ್ಲೇ ಇಲ್ಲ. ಎಲ್ಲರೂ ಬುರುಡೆ ತಾತ ಅಂದ್ರು. ನಮ್ಮಮ್ಮನ್ನ ಇವತ್ತಿಗೂ ಬುರುಡೆಯವನ ಮಗಳು ಅಂತಾರೆ. ನಂಗಿನ್ನೇನೂ ಬೇಡ. ನಿನ್ನೆ ತಟ್ಟೆ ಮೇಲೆ ಕಾಗದ ಅಂಟಿಸಿದ್ದು ಕಂಡೆ. ಅದರ ಕೆಳಗೆ ತಾತನ ಹೆಸರು ಇದೆಯೋ ಇಲ್ವೋ, ಅಷ್ಟೇ."

ಹೆಸರು ಇದೆಯೋ ಇಲ್ಲವೋ ಕಿವಿಯಣ್ಣನಿಗೆ ನೆನಪಿರಲಿಲ್ಲ. ಹಾಡಿದವರ ಹೆಸರು ನೋಡಿ ಮುಸುಕು ಅಂಟಿಸಿದ್ದ. ಬರೆದವರ ಹೆಸರನ್ನು ಅವನೂ ಓದಿರಲಿಲ್ಲ, ಅಂಥವನ್ನು ಓದುವ ಅಭ್ಯಾಸ ಆ ಗುಂಪಿನಲ್ಲಿ ಯಾರಿಗೂ ಇರಲಿಲ್ಲ. ಅವನ ತಲೆಯಲ್ಲಿ ಓಡಿದ್ದು ಬೇರೆಯೇ. ಎಂಥ ಉಪಾಯ! ತಾತ, ಅಮ್ಮ, ಕಣ್ಣೀರು. ಕಾಗದ ಕಿತ್ತರೆ ಗಾಯಕಿಯ ಹೆಸರು ಬಯಲು, ತನ್ನ ಕಿವಿಯ ಮಾನ ಬೀದಿಪಾಲು.

"ಹಾಡಿನ ಮಾತು ನಿನ್ನೆ ಕೇಳಿ ಕಲಿತಿರಬಹುದಲ್ಲ?" ಅಂದ.

ಹೆಂಡತಿ "ರೀ" ಅಂದಳು.

ಬಸ್ಸಿನವಳು ಸಿಟ್ಟಾಗಲಿಲ್ಲ. "ಸರಿ. ನಿಮ್ಮ ರೆಕಾರ್ಡಲ್ಲಿ ಇಲ್ದಿರೋದನ್ನ ಹಾಡ್ಲಾ? ಮೂರನೇ ಚರಣ ಕತ್ತರಿಸಿದ್ರು ಅಂತ ತಾತ ಸಾಯೋ ತನಕ ಬೈತಿದ್ರು." ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿ ಸಣ್ಣಗೆ ಹಾಡಿದಳು. ಬಾಗಿಲು ತಟ್ಟದೆ ಒಳಗೆ ಬಾ, ನಾನಿಲ್ಲಿ ಎದ್ದೇ ಕೂತಿದ್ದೇನೆ ಅನ್ನುವ ಅರ್ಥದ ನಾಲ್ಕು ಸಾಲು.

ಆ ರೆಕಾರ್ಡಿನಲ್ಲಿ ಎರಡನೇ ಚರಣ ಮುಗಿದ ಮೇಲೆ ದನಿ ನಿಂತು, ಆರ್ಗನ್ ವಾದ್ಯವೊಂದೇ ಸುಮ್ಮನೆ ಎಳೆದುಕೊಂಡು ಹೋಗುವ ಒಂದು ತುಂಡಿತ್ತು. ಅದು ಯಾಕೆ ಅಷ್ಟು ಖಾಲಿ ಅಂತ ಹತ್ತೊಂಬತ್ತು ವರ್ಷ ಕಿವಿಯಣ್ಣನ ಕಿವಿ ಕೊರೆದಿತ್ತು. ಈ ನಾಲ್ಕು ಸಾಲು ಅಲ್ಲಿ ಬೀಗಕ್ಕೆ ಕೀಲಿಯಂತೆ ಕೂತವು. ಒಂದು ಮಾತ್ರೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಯಾರನ್ನು ಬೇಕಾದರೂ ಅನುಮಾನಿಸಬಹುದಿತ್ತು. ಕೇಳಿದ್ದನ್ನು ಕೇಳಲಿಲ್ಲ ಅನ್ನುವುದು ಮಾತ್ರ ಅವನಿಂದಾಗಲಿಲ್ಲ.

"ಭಾನುವಾರ ಬನ್ನಿ," ಅಂದ. "ಎಲ್ಲರ ಮುಂದೇನೇ ಕೀಳ್ತೀನಿ."

ಅವಳು ಬಂದಾಗ ಡಾಕ್ಟರು ಎದ್ದುನಿಂತು ಕುರ್ಚಿ ಕೊಟ್ಟರು. "ಬನ್ನಿ ಬನ್ನಿ! ಇಲ್ಲಿ ಹಾಡಿರೋದು ನಿಮ್ಮವರೇ. ಏನು ನೋವು ಅಂತೀರಿ ಆ ಗಂಟಲಲ್ಲಿ!"

ಕಿವಿಯಣ್ಣ ಒದ್ದೆ ಬಟ್ಟೆಯನ್ನು ಚೀಟಿಯ ಮೇಲೆ ಒತ್ತಿಹಿಡಿದು ಕೂತ. "ಕೀಳೋ ಮುಂಚೆ ಒಂದು ಮಾತು," ಅಂದ. "ಹಾಡಿದವಳು ಬಿಳಿಯವಳು. ನಂಗೆ ಹದಿನೇಳು ವರ್ಷದಿಂದ ಗೊತ್ತು."

ಕೋಣೆಯಲ್ಲಿ ಒಮ್ಮೆಲೇ ಗದ್ದಲ ಎದ್ದಿತು. "ನಾನಾಗ್ಲೇ ಅಂದಿರ್ಲಿಲ್ವಾ?" ಅಂತ ಎಂದೂ ಅನ್ನದವನೊಬ್ಬ ಕೂಗಿದ. ಡಾಕ್ಟರು ಬಿಳಿಚಿಕೊಂಡು, "ಹಂಗಾದ್ರೆ ನನ್ನ ಎರಡು ಪುಟ?" ಅಂದರು. "ಆ ಕುಡುಕ ಗಂಡನ್ನ ಎಲ್ಲಿಗೆ ಕಳಿಸ್ತೀರಿ ಈಗ?" ಅಂತ ಇನ್ನೊಬ್ಬ ಕಿಸಕ್ಕನೆ ನಕ್ಕ. ಇಷ್ಟು ವರ್ಷ ಕಣ್ಣೀರು ತರಿಸಿದ್ದ ದನಿ ಈಗ ಇದ್ದಕ್ಕಿದ್ದಂತೆ ತೆಳುವಾಗಿತ್ತು ಅಂತ ಮೂವರು ವಾದಿಸಿದರು.

ಈ ಗದ್ದಲದಲ್ಲಿ ಕಾಗದ ಮೆತ್ತಗೆ ಸುಲಿದು ಬಂತು. ಬಸ್ಸಿನವಳು ಬಾಗಿದಳು. ಗಾಯಕಿಯ ಹೆಸರಿನ ಮೇಲೆ ಅವಳ ಕಣ್ಣು ನಿಲ್ಲಲೇ ಇಲ್ಲ. ಹಾಡಿನ ಶೀರ್ಷಿಕೆಯ ಕೆಳಗೆ, ಇರುವೆಗಾತ್ರದ ಅಕ್ಷರದಲ್ಲಿ ಎರಡು ಹೆಸರಿದ್ದವು. ಮೊದಲನೆಯದು ಕಂಪನಿಯ ಮಾಲೀಕನದು, ಒಂದಕ್ಷರವನ್ನೂ ಬರೆಯದವನದು. ಎರಡನೆಯದು ತಾತನದು.

ಅವಳು ಬೆರಳಿಂದ ಅದನ್ನು ಮುಟ್ಟಿದಳು. ಫೋನು ತೆಗೆದು ಅಮ್ಮನಿಗೆ ಹಚ್ಚಿದಳು. "ಇದೆ ಅಮ್ಮ. ನೋಡ್ತಾ ಇದೀನಿ." ಆಮೇಲೆ ಜಗಳವಾಡುತ್ತಿದ್ದವರತ್ತ ತಿರುಗಿ, "ಸ್ವಲ್ಪ ಬಾಯಿ ಮುಚ್ತೀರಾ? ಅಮ್ಮಂಗೆ ಕೇಳಿಸ್ತಿಲ್ಲ," ಅಂದಳು. ಎಂಟು ಜನ ಗಪ್ಪಾದರು.

ಆ ಕಡೆಯ ದನಿ ನಂಬಲಿಲ್ಲವೆಂದು ಕಾಣುತ್ತದೆ. ಬಸ್ಸಿನವಳು ಫೋನನ್ನು ಕಿವಿಯಣ್ಣನತ್ತ ಚಾಚಿದಳು. "ನಾನು ಸಮಾಧಾನಕ್ಕೆ ಹೇಳ್ತಿದೀನಿ ಅಂತಿದಾರೆ. ನೀವು ಓದಿ."

ಅವನು ಓದಿದ.

"ಇನ್ನೊಂದ್ಸಲ," ಅಂದಿತು ಮುದಿದನಿ.

ಮತ್ತೆ ಓದಿದ. ಆ ಕಡೆ ಉಸಿರು ಎಳೆದುಕೊಂಡ ಸದ್ದು.

"ಎಷ್ಟು ವರ್ಷದಿಂದ ಇದೆ ನಿನ್ನ ಹತ್ರ?"

"ಹತ್ತೊಂಬತ್ತು."

"ಯಾಕಪ್ಪಾ ಮುಚ್ಚಿಟ್ಟಿದ್ದೆ?"

ನೆಪಗಳು ಬೇಕಾದಷ್ಟಿದ್ದವು. ಪದ್ಧತಿ ಅನ್ನಬಹುದಿತ್ತು, ನಿಮ್ಮ ಜನಕ್ಕೆ ನ್ಯಾಯ ಸಿಗಲೆಂದೇ ಜೀವನಪೂರ್ತಿ ವಾದ ಮಾಡಿದೆ ಅನ್ನಬಹುದಿತ್ತು. ಎಂಟು ಜೋಡಿ ಕಣ್ಣು ಅವನ ಮೇಲಿದ್ದವು.

"ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ, ಅಮ್ಮ."

ಮುದುಕಿ ಗದರದೆ, ನಿಜವಾಗಿಯೂ ತಿಳಿಯಬೇಕು ಅನ್ನುವ ಹಾಗೆ ಕೇಳಿದಳು:

"ಉಳೀತಾ?"

ಕಿವಿಯಣ್ಣ ಫೋನನ್ನು ಬಸ್ಸಿನವಳ ಕೈಗೆ ಕೊಟ್ಟ.