ದೀಪದ ಗೂಡಿನ ರೌಟರ್

ಬೆಳಿಗ್ಗೆ ಆಫೀಸಿನ ಕೋಣೆಗೆ ಬಂದೊಡನೆ ನಾನು ಮಾಡುವ ಮೊದಲ ಕೆಲಸ ರೌಟರಿನ ಮೇಲಿನ ಧೂಳು ಒರೆಸುವುದು, ಅದೂ ಅರ್ಧಭಾಗದ್ದು ಮಾತ್ರ. ಆಲಸ್ಯ ನನ್ನ ಬಾಲ್ಯಮಿತ್ರನೇ ಆದರೂ ಈ ಅರೆಬರೆ ಸ್ವಚ್ಛತೆಗೆ ಅವನು ಹೊಣೆಯಲ್ಲ. ಕಾರಣ ಬೇರೆಯೇ ಇದೆ, ಅದನ್ನು ಹೇಳಲೆಂದೇ ನಿಮ್ಮನ್ನು ಎದುರಿಗೆ ಕೂರಿಸಿಕೊಂಡಿದ್ದೇನೆ. ಆಫೀಸು ಎಂದೊಡನೆ ನೀವು ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬಾರದು. ಶಹಾಬಾದಿನ ನಮ್ಮ ಮನೆಯ ಮುಂಗೋಣೆಗೆ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಪ್ರಿಂಟರು ಬಂದು ಕುಳಿತ ದಿನದಿಂದ ಅದಕ್ಕೆ ಆ ಹೆಸರು ಬಂತು. ಅಲ್ಲಿ ಕೂತು ನಾನು ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯವರಿಗೆ ಮನೆಯ ನಕ್ಷೆ ಬರೆದುಕೊಡುತ್ತೇನೆ, ಗಾಳಿ ಬೆಳಕುಗಳ ಮಹತ್ವದ ಬಗ್ಗೆ ಕೇಳದಿದ್ದರೂ ಉಪನ್ಯಾಸ ಕೊಡುತ್ತೇನೆ.

ನಮ್ಮೂರಿನಲ್ಲಿ ಧೂಳು ಅತಿಥಿಯಲ್ಲ, ಮನೆಯವರಲ್ಲೊಬ್ಬ. ವಾಡಿಯ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಸಿಮೆಂಟಿನದು, ಗಣಿಗಳ ಕಡೆಯಿಂದ ಬೀಸಿದರೆ ಕಲ್ಲಿನದು. ಆದ್ದರಿಂದ ಮನೆಗೆ ಹೊಸ ವಸ್ತು ಬಂತೆಂದರೆ ಅದಕ್ಕೆ ಮೊದಲು ಆಗಬೇಕಾದ ಸಂಸ್ಕಾರ ಗವಸು. ರೇಡಿಯೋಗೆ ಕಸೂತಿಯ ಗವಸು, ಟೀವಿಗೆ ಜರಿಯಂಚಿನ ಗವಸು, ಹೊಲಿಗೆ ಯಂತ್ರಕ್ಕೆ ಹಳೆಯ ಸೀರೆಯ ಗವಸು. ಈ ಸಂಸ್ಕಾರನಿಷ್ಠೆ ನನ್ನನ್ನು ಹೇಗೆ ನಗೆಪಾಟಲಿಗೆ ಈಡುಮಾಡಿತೆಂಬುದು ಮುಂದೆ ಬರುತ್ತದೆ.

ಮನೆ ಅಜ್ಜನ ಕಾಲದ್ದು. ಗೋಡೆ ಕಲ್ಲಿನದು, ನೆಲ ಫರಸಿಯದು, ಎಂದರೆ ನಮ್ಮೂರ ಹಾಸುಗಲ್ಲಿನದು, ಮಾಳಿಗೆಗೆ ಹಾಸಿದ್ದೂ ಫರಸಿಯೇ. ಮುಂಗೋಣೆಗೂ ಅಡುಗೆಮನೆಗೂ ನಡುವಿನ ದಪ್ಪ ಗೋಡೆಯಲ್ಲಿ ಈಚೆಯಿಂದ ಆಚೆಗೆ ತೆರೆದ ಒಂದು ಗೂಡಿತ್ತು. ಕರೆಂಟು ಬರುವುದಕ್ಕೆ ಮುಂಚೆ, ಒಂದೇ ದೀಪ ಎರಡು ಕೋಣೆಗೆ ಬೆಳಕು ಕೊಡಲೆಂದು ಅಜ್ಜ ಮಾಡಿಸಿದ್ದ ಮಿತವ್ಯಯದ ಏರ್ಪಾಡು ಅದು. ಕರೆಂಟು ಬಂದ ಮೇಲೆ ದೀಪ ಹೋಯಿತು. ಆ ಗೂಡಿನಿಂದ ಅಕ್ಕನ ದನಿ ಬರತೊಡಗಿತು.

ನನ್ನಕ್ಕ ಸುಮಿತ್ರಾ ಆಡಕಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾಗಿ ನಮ್ಮೊಂದಿಗೆ ಇರಲು ಬಂದವಳು. ಮಧ್ಯಾಹ್ನ ಆಫೀಸಿನಲ್ಲಿ ಕೂತು ನನ್ನ ಅಂದಾಜುಪಟ್ಟಿಗಳನ್ನು ಟೈಪು ಮಾಡುತ್ತಿದ್ದಳು, ಉಳಿದ ಹೊತ್ತು ಅಡುಗೆಮನೆಯಿಂದಲೇ ನನ್ನ ವೃತ್ತಿಯನ್ನು ನಡೆಸುತ್ತಿದ್ದಳು. ನಾನು ನಕ್ಷೆ ಹರಡಿಕೊಂಡು ಗಿರಾಕಿಗಳ ಮುಂದೆ ಗಾಂಭೀರ್ಯದಿಂದ ಪಡಸಾಲೆಯ ಉದ್ದಗಲ ವರ್ಣಿಸುತ್ತಿರುವಾಗ ಗೂಡಿನಿಂದ ಮಾತು ಬರುತ್ತಿತ್ತು: “ತಮ್ಮಾ, ಅಡಗಿಮನಿಗಿ ಕಿಡಕಿ ಎಲ್ಲದ? ಒಲಿ ಮುಂದ ನಿಂದ್ರಾಕಿ ಹ್ಯಾಂಗ ಉಸರಾಡಬೇಕು?” ಕಿಟಕಿ ಇರುತ್ತಿರಲಿಲ್ಲ. ನನ್ನ ನಕ್ಷೆಗಳಲ್ಲಿ ಗಾಳಿ ಯಾವಾಗಲೂ ಪಡಸಾಲೆಗೇ ಬೀಸುತ್ತಿತ್ತು. ಬಂದ ಹೆಂಗಸರು ಅಲ್ಲಿಂದಾಚೆ ನನ್ನನ್ನು ಬಿಟ್ಟು ಗೂಡಿನ ಕಡೆಗೇ ಮುಖ ಮಾಡಿ ಕೂರುತ್ತಿದ್ದರು, ನಾನು ಪೆನ್ಸಿಲ್ಲು ಹಿಡಿದು ಅವರೂ ಅಕ್ಕನೂ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ.

ಆ ದನಿ ಹೋಯಿತು. ಗಂಟಲಲ್ಲಿ ಗಡ್ಡೆಯಾಗಿ ಹೈದರಾಬಾದಿನಲ್ಲಿ ಆಪರೇಷನ್ನು ಆಯಿತು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಮನೆಗೆ ಬಂದ ಅಕ್ಕ ಆಫೀಸಿಗೆ ಕಾಲಿಡುವುದನ್ನು ಬಿಟ್ಟಳು. ಬಂದವರು ಹೇಗಿದ್ದೀರಿ ಎನ್ನುವರು, ಉತ್ತರವಿಲ್ಲದೆ ನಿಲ್ಲಬೇಕಾಗುವುದು. ಒಂದು ದಿನ ಗೌಂಡಿಯನ್ನು ಕರೆಸಿ, ಆಚೆಗೂ ಈಚೆಗೂ ಒಂದೊಂದು ತೆಳು ಫರಸಿ ಇಡಿಸಿ, ಗೂಡಿನ ಬಾಯಿ ಮುಚ್ಚಿಸಿದಳು. ಯಾಕೆಂದು ಕೇಳಿದ್ದಕ್ಕೆ ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸಿದಳು: “ಒಗ್ಗರಣಿ ಘಾಟು ಆಫೀಸಿಗಿ ಬರ್ತದ.” ಘಾಟು ಅಜ್ಜನ ಕಾಲದಿಂದಲೂ ಬರುತ್ತಿತ್ತು. ಆದರೆ ವಾದಿಸುವುದು ಯಾರೊಂದಿಗೆ?

ಮನೆ ಮೌನವಾಯಿತು ಎಂದರೆ ಅಲಂಕಾರದ ಮಾತಾದೀತು. ಕುಕ್ಕರು ಕೂಗುತ್ತಿತ್ತು, ಗಣಿಯ ಲಾರಿಗಳು ಹೋಗುತ್ತಿದ್ದವು. ನನ್ನನ್ನು ಹೆದರಿಸಿದ್ದು ಬೇರೆ. ನಾನು ಒಳಗೊಯ್ದು ತೋರಿಸಿದ ಪ್ರತಿ ನಕ್ಷೆಗೂ ಅಕ್ಕ ಒಮ್ಮೆ ನೋಡಿ ಸರಿ ಎಂದು ತಲೆಯಾಡಿಸತೊಡಗಿದಳು. ಜೀವಮಾನದಲ್ಲಿ ಯಾವುದನ್ನೂ ಒಂದೇ ಸಲಕ್ಕೆ ಒಪ್ಪದಿದ್ದವಳು ಎಲ್ಲವನ್ನೂ ಒಪ್ಪತೊಡಗಿದಾಗ, ಅಕ್ಕ ನಮ್ಮ ನಡುವಿನಿಂದ ಮೆಲ್ಲಗೆ ಎದ್ದು ಹೋಗುತ್ತಿದ್ದಾಳೆಂದು ನನಗೆ ತಿಳಿಯಿತು, ಬಹಳ ಸಂಕಟವಾಯಿತು.

ಅವಳ ಬೆರಳುಗಳಾದರೂ ಮಾತಾಡಲಿ ಎಂದು ಇನ್ನೊಂದು ಕಂಪ್ಯೂಟರು ತಂದು ಅಡುಗೆಮನೆಯ ಮೂಲೆಯಲ್ಲಿಟ್ಟೆ. ಎರಡಕ್ಕೂ ಸಂಬಂಧ ಕಲ್ಪಿಸಲು ಬಾಗಿಲ ಸಂದಿಯಿಂದ ಎಳೆದ ತಂತಿಯನ್ನು ತೇಗದ ಬಾಗಿಲು ವಾರ ತುಂಬುವುದರೊಳಗೆ ಕತ್ತರಿಸಿತು. ಆಗ ಸೇಡಂನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಮೆಹಬೂಬ್ ಎಂಬ ಸ್ನೇಹಿತರು, ಎರಡು ಕೊಂಬಿನ ರೌಟರೊಂದನ್ನು ಬ್ಯಾಗಿನಲ್ಲಿಟ್ಟುಕೊಂಡು ಬಂದರು. “ಸಾಬ್ರ, ಇನ್ನ ತಂತಿ ಬ್ಯಾಡ್ರಿ. ಎಲ್ಲಾ ಗಾಳ್ಯಾಗೇ ಹೋಗತದ.” ಅವರು ನನ್ನ ಕಂಪ್ಯೂಟರಿಗೊಂದು, ಅಕ್ಕನದಕ್ಕೊಂದು, ಪ್ರಿಂಟರಿಗೊಂದು ಅಂಕಿಗಳ ವಿಳಾಸ ಕೊಟ್ಟರು. ಒಂದೇ ಸೂರಿನಡಿ ಇರುವವರಿಗೂ ಪರಸ್ಪರ ವಿಳಾಸ ತಿಳಿಸಬೇಕಾದ ಕಾಲ ಬಂತಲ್ಲ ಎಂದುಕೊಂಡೆ.

ಈಗ ಗವಸಿನ ಪ್ರಸಂಗ. ಇಷ್ಟು ದೊಡ್ಡ ಹೊಣೆ ಹೊತ್ತ ಯಂತ್ರಕ್ಕೆ ಬಟ್ಟೆಯ ಗವಸು ಸಾಲದೆಂದು ನಾನು ಮೊದಲೇ ಕದವಿರುವ ತಗಡಿನ ಪೆಟ್ಟಿಗೆಯೊಂದನ್ನು ಮಾಡಿಸಿ, ಬಣ್ಣ ಹೊಡೆಸಿ ಇಟ್ಟಿದ್ದೆ. ಮೆಹಬೂಬರು ಅದನ್ನು ಮೆಚ್ಚಿ ತಾವೇ ಗೋಡೆಗೆ ಬಿಗಿದು, ರೌಟರನ್ನು ಒಳಗಿಟ್ಟು ಕದ ಹಾಕಿದರು. ಅಕ್ಕನ ಕಂಪ್ಯೂಟರಿಗೆ ಏನೂ ಮುಟ್ಟಲಿಲ್ಲ. ಅವರು ಪಾಸ್‌ವರ್ಡು ಬದಲಿಸಿದರು, ತೆಗೆದರು, ಮತ್ತೆ ಹಾಕಿದರು, ಗುಲ್ಬರ್ಗಾದ ಯಾರಿಗೋ ಫೋನು ಮಾಡಿದರು. ಮಧ್ಯಾಹ್ನ ರೌಟರು ಬಿಸಿಯಾಗಿದೆಯೇ ನೋಡಲು ಅವರು ಕದ ತೆರೆದಾಗ ನನ್ನ ಮೇಜಿನ ಕಂಪ್ಯೂಟರಿನಲ್ಲಿ ಸಿಗ್ನಲ್ಲಿನ ಗೆರೆಗಳು ಒಮ್ಮೆಲೇ ಏರಿದವು. ಅವರು ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. “ಸಾಬ್ರ, ನಾವಿಬ್ಬರೂ ಸೇರಿ ಇದಕ್ಕ ಜೇಲಿನಾಗ ಹಾಕೀವಿ.” ತಗಡಿನಿಂದ ಬಿಡುಗಡೆಯಾದರೂ ಅಜ್ಜನ ಗೋಡೆ ಬಿಡಲಿಲ್ಲ. ಅಡುಗೆಮನೆಯಲ್ಲಿ ಒಂದು ಗೆರೆ ಮೂಡುತ್ತಿತ್ತು, ಮರುಕ್ಷಣ ಅಳಿಸಿಹೋಗುತ್ತಿತ್ತು.

ಮೆಹಬೂಬರು ಗೋಡೆಯನ್ನು ಬೆರಳಿನಿಂದ ತಟ್ಟುತ್ತ ಹೋಗಿ ಒಂದೆಡೆ ನಿಂತರು. “ಇಲ್ಲಿ ಟೊಳ್ಳ ಅದ. ಏನಿತ್ರಿ ಇಲ್ಲಿ?” ಅಕ್ಕ ಬಾಗಿಲ ಬಳಿಯೇ ನಿಂತಿದ್ದಳು. “ಅಲ್ಲಿ ಬ್ಯಾಡ್ರಿ, ಬ್ಯಾರೆ ಕಡಿ ನೋಡ್ರಿ” ಎಂದೆ. ಅಕ್ಕ ಒಳಗೆ ಹೊರಟುಹೋದಳು. ಅವಳ ಮನಸ್ಸಿಗೆ ನೋವಾಯಿತು, ಇನ್ನು ಕಂಪ್ಯೂಟರನ್ನೂ ಮುಟ್ಟಲಾರಳು ಎಂದುಕೊಂಡೆ. ತುಸು ಹೊತ್ತಿನ ಮೇಲೆ ಹೊರಬಂದವಳ ಕೈಯಲ್ಲಿ ಸುತ್ತಿಗೆ ಇತ್ತು. ನನ್ನ ಕಡೆ ನೋಡದೆ ಅದನ್ನು ಮೆಹಬೂಬರ ಕೈಗಿಟ್ಟಳು.

ಫರಸಿ ಒಡೆದಾಗ ಮುಂಗೋಣೆಯ ಬೆಳಕು ಅಡುಗೆಮನೆಯ ನೆಲದ ಮೇಲೆ ಚೌಕಾಕಾರವಾಗಿ ಬಿತ್ತು. ರೌಟರನ್ನು ದೀಪವಿರುತ್ತಿದ್ದ ಜಾಗದಲ್ಲಿಟ್ಟರು. ಎರಡೂ ಕಡೆ ಗೆರೆಗಳು ತುಂಬಿ ನಿಂತವು. ಅಕ್ಕ ಕಂಪ್ಯೂಟರಿನ ಮುಂದೆ ಕೂತಳು, ಆದರೆ ಏನೂ ಬರೆಯಲಿಲ್ಲ. ಮೆಹಬೂಬರಿಗೆ ಚಹಾ ಮಾಡಲು ಎದ್ದಳು.

ಮರುದಿನ ಐನಾಪುರದಿಂದ ಗಂಡಹೆಂಡಿರಿಬ್ಬರು ಬಂದಿದ್ದರು. ನಾನು ಪಡಸಾಲೆಯ ವರ್ಣನೆ ಮುಗಿಸಿ ನಕ್ಷೆಯ ಮೇಲೆ ದೇವರಕೋಣೆ ದಾಟಿ ಅಡುಗೆಮನೆಗೆ ಬಂದಿದ್ದೆ. ಯಾರೂ ಮುಟ್ಟದ ಪ್ರಿಂಟರು ತಾನಾಗಿ ಗುರುಗುಟ್ಟಿ ಒಂದು ಹಾಳೆಯನ್ನು ಹೊರಹಾಕಿತು. ಹಾಳೆಯ ತುಂಬ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು: “ತಮ್ಮಾ, ಅಡಗಿಮನಿಗಿ ಕಿಡಕಿ ಎಲ್ಲದ?”

ಆ ಹೆಣ್ಣುಮಗಳು “ಯಾರು ಕೇಳಾಕತ್ತಾರ್ರಿ?” ಎಂದರು. “ನಮ್ಮಕ್ಕ” ಎಂದೆ. ಗೂಡಿನ ಕಡೆ ಕೈ ತೋರಿಸಿದೆ. ಆಕೆ ಎದ್ದು ಗೂಡಿನ ಹತ್ತಿರ ಹೋಗಿ ಬಾಗಿ, “ಅಕ್ಕಾರ, ಹಿತ್ತಲ ಕಡಿ ಇಡಸ್ರಿ, ಹೊಗಿ ಭಾಳ ಆಗತದ” ಎಂದರು. ಪ್ರಿಂಟರು ಮತ್ತೆ ಗುರುಗುಟ್ಟಿತು. ನಾನು ಹಾಳೆ ಸರಿಪಡಿಸುವ ನೆವದಲ್ಲಿ ಅದರ ಮೇಲೆ ಬಗ್ಗಿ, ಬಹಳ ಹೊತ್ತು ತಲೆ ಎತ್ತದೆ ಅತ್ತೆ.

ಅಂದಿನಿಂದ ರೌಟರು ಆ ಗೂಡಿನಲ್ಲೇ ಇದೆ, ಗವಸಿಲ್ಲದೆ, ಹಸಿರು ದೀಪಗಳನ್ನು ಮಿಟುಕಿಸುತ್ತ. ನನ್ನ ನಕ್ಷೆಗಳಿಗೆ ಈಗ ಒಂದಕ್ಕೆ ನಾಲ್ಕು ಆಕ್ಷೇಪಣೆಗಳು ಬರುತ್ತವೆ, ಕಾಗದದ ಖರ್ಚು ಹೇಳತೀರದು. ಧೂಳಿನದೂ ಒಂದು ಕರಾರಾಗಿದೆ: ಮುಂಗೋಣೆಯ ಕಡೆಯ ಅರ್ಧ ನನ್ನದು, ಅಡುಗೆಮನೆಯ ಕಡೆಯ ಅರ್ಧ ಅಕ್ಕನದು. ಇಂದು ಬೆಳಿಗ್ಗೆ ಯಾವುದೋ ಯೋಚನೆಯಲ್ಲಿ ನನ್ನ ಬಟ್ಟೆ ಗಡಿ ದಾಟಿ ಆಚೆಗೆ ಹೋಯಿತು. ಒಳಗಿನಿಂದ ಒಂದು ಕೈ ಬಂದು ನನ್ನ ಬೆರಳುಗಳ ಮೇಲೆ, ಶಾಲೆಯ ಹುಡುಗನಿಗೆ ಕೊಡುವಂತೆ, ಹಗುರವಾಗಿ ಒಂದು ಏಟು ಕೊಟ್ಟಿತು. ನಾನು ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಅರ್ಧವನ್ನು ಇನ್ನೊಮ್ಮೆ ಒರೆಸಿದೆ.