ಚೀಟಿ ಎತ್ತಿ ಸಿಕ್ಕಿದ ಮನೆ

ವಿಲ್ಸನ್ ಗಾರ್ಡನ್ನಿನಲ್ಲಿ ಬೆಳಗ್ಗೆ ಎಂಟಕ್ಕೆ ಹತ್ತಿದ ಬಸ್ಸು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇಳಿಸಿತು. ಟಿಕೆಟ್ಟು ನಲವತ್ತು ಪೈಸೆ. ಎಂಬತ್ತರ ದಶಕದ ಒಂದು ಏಪ್ರಿಲ್. ಆ ಹೊತ್ತಿಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಮನೆಮನೆಗೆ ಹೋಗಿ ನೀರಿನ ಪರಿಸ್ಥಿತಿ ಬರೆದುಕೊಳ್ಳುವ ಗುಮಾಸ್ತ ನಾನು.

ಹಿಂದಿನ ವರ್ಷವೂ ಇದೇ ಸಮೀಕ್ಷೆಗೆ ಬಂದಿದ್ದೆ. ಆಗ ಯಾವ ಮನೆಗೆ ಹೋಗಬೇಕೆಂಬುದನ್ನು ನನ್ನ ಇಷ್ಟಕ್ಕೇ ಬಿಟ್ಟಿದ್ದರು. ಮೈಗಳ್ಳನಿಗೆ ಇನ್ನೇನು ಬೇಕು? ಬಸ್ ನಿಲ್ದಾಣದ ಹತ್ತಿರದ ಇಪ್ಪತ್ತು ಬಾಗಿಲು ತಟ್ಟಿ, ಕೊಟ್ಟ ಕಡೆ ಕಾಫಿ ಕುಡಿದು, ಮಧ್ಯಾಹ್ನದೊಳಗೆ ಮುಗಿಸಿದ್ದೆ. ಇಪ್ಪತ್ತು ಮನೆಯಲ್ಲೂ ನಲ್ಲಿಯಿತ್ತು. ಈ ಭಾಗದಲ್ಲಿ ನೀರಿನ ತೊಂದರೆ ಇಲ್ಲವೆಂದು ವರದಿ ಹೋಯಿತು. ಅದನ್ನು ನಂಬಿ ಅದೇ ಭಾಗದ ಅಂಚಿನ ಸುದ್ದಗುಂಟೆಪಾಳ್ಯಕ್ಕೆ ಹಾಕಬೇಕಿದ್ದ ಬೀದಿ ನಲ್ಲಿಯನ್ನು ಕೈಬಿಟ್ಟರು.

ಈ ಸಲ ಬಂದ ಹೊಸ ಅಧಿಕಾರಿ ಎಲ್ಲ ಮನೆಗಳ ನಂಬರನ್ನೂ ಚೀಟಿಯಲ್ಲಿ ಬರೆಸಿ, ಡಬ್ಬಿಯಲ್ಲಿ ಕುಲುಕಿಸಿ ಎತ್ತಿಸಿದರು. ನನ್ನ ಪಾಲಿನ ಮೊದಲ ಚೀಟಿಯೇ ಸುದ್ದಗುಂಟೆಪಾಳ್ಯದ್ದು. ಬಿ.ಟಿ.ಎಂ. ಲೇಔಟಿನ ಖಾಲಿ ಸೈಟುಗಳ ನಡುವೆ ಗೊಣಗಿಕೊಂಡು ಮುಕ್ಕಾಲು ಗಂಟೆ ನಡೆದೆ.

ಮನೆಯೊಡತಿ ಮುನಿಯಮ್ಮ ಕಲ್ಲು ಒಡೆಯುವ ಕೆಲಸದವಳು. ನನ್ನ ಕೈಯ ಫಾರಂ ನೋಡಿ ಅಕ್ಕಪಕ್ಕದವರೂ ನೆರೆದರು. "ನಮ್ಮನೇದೂ ಬರ್ಕೊಳ್ಳಿ ಸಾರ್" ಎಂದು ಎಲ್ಲರದೂ ಒಂದೇ ವರಾತ.

"ಆಗಲ್ಲಮ್ಮ, ಚೀಟೀಲಿ ಬಂದ ಮನೆ ಮಾತ್ರ. ಅನ್ನ ಬೆಂದಿದ್ಯಾ ನೋಡೋಕೆ ಒಂದಗುಳು ಸಾಕಲ್ವಾ?" ಎಂದೆ.

"ತಿರುವಿ ತೆಗುದ್ರೆ ಸಾಕು ಸಾರ್," ಎಂದಳು ಮುನಿಯಮ್ಮ. "ತಳದ್ದು ಬೆಂದಿರುತ್ತೆ, ಮೇಲಿಂದು ಅಕ್ಕೀನೇ ಇರುತ್ತೆ. ಹೋದ್ ವರ್ಷ ಆ ಕಡೆ ಬಂದೋರ್ ಯಾರೋ ತಿರುವ್ದೇನೇ ನೋಡಿ, ನಮ್ ನಲ್ಲಿ ತಪ್ಪಿಸ್ಬಿಟ್ಟವ್ರೆ."

ಆ ಯಾರೋ ನಾನೇ. ತಲೆ ತಗ್ಗಿಸಿ ಫಾರಂ ತುಂಬತೊಡಗಿದೆ.

"ನೀರು ಎಲ್ಲಿಂದ ತರ್ತೀರಿ?"

"ಕಲ್ಲು ಕ್ವಾರಿ ಗುಂಡಿಯಿಂದ."

"ಯಾರು ತರೋದು?"

"ಈಗ ನಾನೇ. ಮೊದ್ಲು ಮಗಳು ತರ್ತಿದ್ಲು."

"ಮನೇಲಿ ಎಷ್ಟು ಜನ?"

"ಮೂರು." ಬಾಗಿಲ ಬಳಿಯ ಕೊಡ ನೋಡುತ್ತ ಹೇಳಿದಳು: "ದೀಪಾವಳಿ ಟೈಮಲ್ಲಿ ಕೊಡ ತುಂಬ್ಸೋಕ್ ಹೋಗಿ ಗುಂಡಿಗೆ ಜಾರ್ಬಿಟ್ಲು ಸಾರ್. ಹೋದ್ ವರ್ಷಾನೇ ಬಂದಿದ್ರೆ ನಾಲ್ಕು ಅಂತ ಬರೆಸ್ತಿದ್ದೆ."

ನಲ್ಲಿ ಹಾಕಿದ್ದರೆ ಆ ಹುಡುಗಿ ಕ್ವಾರಿಗೆ ಹೋಗುತ್ತಿರಲಿಲ್ಲ. ನಾನು ಸುಲಭಕ್ಕೆ ಆರಿಸಿಕೊಂಡ ಇಪ್ಪತ್ತು ಮನೆಗಳೇ ಅವಳನ್ನು ಅಲ್ಲಿಗೆ ಕಳಿಸಿದವು. ಮೂರು ಎಂದು ಬರೆದೆ.

"ನಲ್ಲಿ ಯಾವಾಗ ಸಾರ್?"

"ವರದಿ ಹೋಗ್ಲಿ, ನೋಡೋಣ," ಎಂದು ಎದ್ದೆ.

ರಸ್ತೆಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ, ಮುನಿಯಮ್ಮ ಕೊಡ ಸೊಂಟಕ್ಕಿಟ್ಟುಕೊಂಡು ಅದೇ ಗುಂಡಿಯ ಕಡೆಗೆ ಹೋಗುತ್ತಿದ್ದಳು.