ಕರಾಟೆ ಕೇಶವನ ಎಡಗಾಲು

ಹೋದ ಭಾನುವಾರ ನನ್ನ ತಂಗಿ ಒಬ್ಬ ಸಿನಿಮಾ ನಿರ್ಮಾಪಕರ ಬಾಯಿ ಮುಚ್ಚಿಸಿ ಬಂದಳು. ಅದೂ ಅವರದೇ ಮನೆಯಲ್ಲಿ, ಅವರದೇ ಕಾಫಿ ಕುಡಿದು. ಜೊತೆಗೆ ಹೋಗಿದ್ದ ನಾನು ತಲೆ ತಗ್ಗಿಸಿಕೊಂಡು ಬಂದೆ.

ತಂಗಿ ಅಂದರೆ ಗಿರಿಜಾ. ಇಪ್ಪತ್ತೇಳು ವರ್ಷ. ಪೀಣ್ಯದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಮೂರನೇ ವಯಸ್ಸಿನಲ್ಲಿ ಪೋಲಿಯೊ ಬಂದು ಎಡಗಾಲಿನ ಶಕ್ತಿ ಹೋಯಿತು. ಕಬ್ಬಿಣದ ಪಟ್ಟಿ ಕಟ್ಟಿದ ಬೂಟು ಹಾಕಿಕೊಂಡು ಯಶವಂತಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. (ಯಾರಾದರೂ 'ಪಾಪ' ಎಂದು ಎದ್ದು ಜಾಗ ಕೊಟ್ಟರೆ ಧಾರಾಳವಾಗಿ ಕೂರುತ್ತಾಳೆ. 'ಪಾಪ ಅಂದ್ರೆ ಅನ್ಲಿ ಬಿಡಣ್ಣ, ಸೀಟು ಸಿಕ್ತಲ್ಲ!')

ಅವಳಿಗೊಂದು ಹುಚ್ಚು. ಕರಾಟೆ ಕೇಶವ.

ಓದದವರಿಗಾಗಿ ಹೇಳುತ್ತೇನೆ. ಕೇಶವ ಒಂದು ವಾರಪತ್ರಿಕೆಯಲ್ಲಿ (ಈ ಪತ್ರಿಕೆಯಲ್ಲ, ಸಂಪಾದಕರು ಕ್ಷಮಿಸಬೇಕು) ಗುರುವಾರ ಗುರುವಾರ ಬರುವ ಕಾಮಿಕ್ಸ್ ಕಥೆಯ ನಾಯಕ. ಈಗ ನಮ್ಮ ಕಡೆ ಖಾಲಿ ಸೈಟು ಕಂಡಲ್ಲೆಲ್ಲ ಕರಾಟೆ ಕ್ಲಾಸ್ ಶುರುವಾಗಿದೆಯಲ್ಲ, ಅಲ್ಲಿಯವರೆಲ್ಲ ಇವನ ಭಕ್ತರು. ಈ ಕೇಶವನಿಗೆ ಎಡಗಾಲು ಊನ. ಹಾಗಾಗಿ ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ನಿಂತಲ್ಲೇ ನಿಂತಿರುತ್ತಾನೆ. ಹತ್ತಿರ ಬಂದವರಿಗೆ ಸರಿಯಾಗಿ ಕೊಡುತ್ತಾನೆ. ಕೆಡವಿದರೆ ಬಲಗಾಲೂರಿ ಮತ್ತೆ ಏಳುತ್ತಾನೆ.

ಗಿರಿಜಾ ಒಂದು ವಾರವೂ ತಪ್ಪಿಸಿದವಳಲ್ಲ. ಯಾಕೆ ಅಷ್ಟು ಇಷ್ಟ ಎಂದು ನಾನು ಕೇಳಿಲ್ಲ. ಕೇಳುವ ಅಗತ್ಯವಿತ್ತೆ?

ಎರಡು ತಿಂಗಳ ಹಿಂದೆ ಸುದ್ದಿ ಬಂತು. ಕೇಶವ ಸಿನಿಮಾ ಆಗುತ್ತಾನೆ! 'ನಿಮ್ಮ ನಿರೀಕ್ಷೆ ಏನು? ಕಾರ್ಡ್ ಬರೆಯಿರಿ' ಎಂದು ಪತ್ರಿಕೆ ಕರೆ ಕೊಟ್ಟಿತು. ಗಿರಿಜಾ ಒಂದೇ ಸಾಲು ಬರೆದಳು: 'ಕೇಶವನ ಕಾಲು ಹೇಗಿದೆಯೋ ಹಾಗೇ ಇರಲಿ.'

ಆಮೇಲೆ, ಕಾರ್ಡ್ ಬರೆದವರಲ್ಲಿ ಹತ್ತು ಜನರನ್ನು ನಿರ್ಮಾಪಕರು ಆರ್.ಟಿ. ನಗರದ ತಮ್ಮ ಮನೆಗೆ ಕಾಫಿಗೆ ಕರೆದರು. ಪ್ರಚಾರಕ್ಕೆ ಒಂದು ಫೋಟೊ ಬೇಕಿತ್ತು ಅಂತಿಟ್ಟುಕೊಳ್ಳಿ. ಹತ್ತರಲ್ಲಿ ನಮ್ಮವಳೂ ಒಬ್ಬಳು. ಎರಡು ಬಸ್ಸು ಬದಲಾಯಿಸಿ ಹೋದೆವು.

ಹಾಲ್ ತುಂಬ ಅಭಿಮಾನಿಗಳು. ಒಬ್ಬರಿಗಿಂತ ಒಬ್ಬರ ಆಸೆ ದೊಡ್ಡದು.

"ಸಾರ್, ಒಂದು ವಿಮಾನದ ಫೈಟ್ ಇರ್ಲೇಬೇಕು. ಜಕ್ಕೂರು ಏರೋಡ್ರಮ್ಮಲ್ಲೇ ತೆಗೀಬಹುದು," ಎಂದ ಕಾಲೇಜಿನವನೊಬ್ಬ.

"ವಿಮಾನ ಬೇಡ ಗುರು, ರೈಲು! ಓಡೋ ಗೂಡ್ಸ್ ಮೇಲೆ ಫೈಟ್," ಎಂದ ಅವನ ಗೆಳೆಯ.

ನಿರ್ಮಾಪಕರು ಒಳ್ಳೆಯವರು. ಎಲ್ಲರ ಮಾತಿಗೂ ತಲೆಯಾಡಿಸಿದರು. ಗಿರಿಜಾಳ ಸರದಿ ಬಂದಾಗ ಅವಳ ಬೂಟನ್ನು ನೋಡಿ, ದನಿ ತಗ್ಗಿಸಿದರು.

"ನಿಮ್ಮ ಕಾರ್ಡ್ ಓದಿದೆ ಕಣಮ್ಮ. ಬೇಜಾರು ಮಾಡ್ಕೋಬೇಡಿ. ಇಂಟರ್ವಲ್ ತನಕ ಕಾಲು ಹಾಗೇ ಇರುತ್ತೆ. ಹೀರೋಯಿನ್ ಡಾಕ್ಟರು. ಅವಳೇ ಆಪರೇಷನ್ ಮಾಡ್ತಾಳೆ. ಆಮೇಲೆ ನಮ್ ಕೇಶವ ಓಡ್ತಾನೆ, ಹಾರ್ತಾನೆ, ಡ್ಯಾನ್ಸೂ ಮಾಡ್ತಾನೆ!"

ಚಪ್ಪಾಳೆಯೋ ಚಪ್ಪಾಳೆ. ನಿಜ ಹೇಳಿಬಿಡುತ್ತೇನೆ, ನಾನೂ ತಟ್ಟಿದೆ. ಕಾಲು ಸರಿಹೋಯಿತು ಎಂದರೆ ಯಾರಿಗೆ ಖುಷಿಯಾಗುವುದಿಲ್ಲ?

ಗಿರಿಜಾಗೆ ಆಗಲಿಲ್ಲ.

"ಓಡೋ ಹೀರೋಗಳು ಬೇರೆ ಸಿನಿಮಾದಲ್ಲಿ ಬೇಕಾದಷ್ಟು ಜನ ಇದಾರಲ್ಲ ಸಾರ್. ಅವನಿಗೆ ಕೇಶವ ಅಂತ ಯಾಕೆ ಹೆಸರಿಡ್ತೀರಾ?"

"ಹಾಗಲ್ಲಮ್ಮ. ಜನ ಥಿಯೇಟರಿಗೆ ಬರೋದೇ ಕಷ್ಟ ಮರೆಯೋಕೆ. ಈಗ ನೀವೇ ಹೇಳಿ, ಕಾಲು ಸರಿಹೋಗ್ಲಿ ಅಂತ ನಿಮಗೆ ಆಸೆ ಇಲ್ವಾ?"

ಕಾಲೇಜಿನವರು ನೆಲ ನೋಡಿದರು. ಅಣ್ಣನಾದ ನಾನು ಏನಾದರೂ ಹೇಳಬೇಕಿತ್ತು. ಕಾಫಿ ಕುಡಿದೆ.

ಗಿರಿಜಾ ಲೋಟ ಕೆಳಗಿಟ್ಟಳು.

"ಇತ್ತು ಸಾರ್. ಎರಡು ಆಪರೇಷನ್ ಆಯ್ತು. ಎರಡು ಸಲಾನೂ ಆಸೆ ಇತ್ತು. ಆಮೇಲೆ ಟೈಪಿಂಗ್ ಕಲ್ತೆ."

ಅಷ್ಟೇ. ದನಿ ಏರಿಸಲಿಲ್ಲ, ಕಣ್ಣು ಒದ್ದೆ ಮಾಡಿಕೊಳ್ಳಲಿಲ್ಲ. ಆಫೀಸಿನಲ್ಲಿ ಯಾವುದೋ ಫೈಲಿನ ವಿಷಯ ಹೇಳುವವಳ ಹಾಗೆ ಹೇಳಿದಳು. ನಿರ್ಮಾಪಕರು ಕನ್ನಡಕ ತೆಗೆದು ಒರೆಸಿಕೊಂಡರು. "ಯೋಚನೆ ಮಾಡೋಣಮ್ಮ" ಎಂದರು, ಇನ್ನೇನೂ ತೋಚದೆ.

ಫೋಟೊ ತೆಗೆಯುವಾಗ ಇವಳನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. "ಮೇಡಂ, ಕಾಲು ಸ್ವಲ್ಪ ಒಳಗೆ ತಗೊಳ್ಳಿ" ಎಂದ ಫೋಟೊಗ್ರಾಫರ್. ಇವಳು ಇನ್ನಷ್ಟು ಮುಂದಕ್ಕೆ ಚಾಚಿ ಕೂತಳು.

ವಾಪಸು ಬರುವಾಗ ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸಿಗಾಗಿ ನಿಂತಿದ್ದೆವು.

"ನೀನೂ ಚಪ್ಪಾಳೆ ತಟ್ಟಿದೆ," ಎಂದಳು.

"ಎಲ್ಲರೂ ತಟ್ಟಿದ್ರಲ್ಲ..."

"ಎಲ್ಲರ ವಿಷಯ ಬಿಡಣ್ಣ. ನೀನು ನನ್ನ ಇಪ್ಪತ್ತೇಳು ವರ್ಷದಿಂದ ನೋಡ್ತಿದೀಯ. ಇನ್ನೂ ಸರಿಹೋಗ್ಲಿ ಅಂತಾನೇ ಕಾಯ್ತಿದೀಯಾ?"

ಅವಳು ಡಿಗ್ರಿ ಮುಗಿಸಿದಾಗ, ಕೆಲಸಕ್ಕೆ ಸೇರಿದಾಗ, ಈಚೆಗೆ ಹೆಡ್ ಟೈಪಿಸ್ಟ್ ಆದಾಗ, ಪ್ರತಿ ಸಲವೂ ನಾನು ಮನಸ್ಸಿನಲ್ಲಿ ಏನಂದುಕೊಂಡಿದ್ದೆ? 'ಕಾಲೊಂದು ಸರಿಯಿದ್ದಿದ್ದರೆ!' ಒಂದು ಸಲವಾದರೂ ಬರೀ 'ಭೇಷ್' ಅಂದುಕೊಂಡಿರಲಿಲ್ಲ. ಅವಳಿಗೆ ಅದು ಇಷ್ಟು ವರ್ಷವೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನಗೆ.

ಮೊನ್ನೆ ಪೇಪರಿನಲ್ಲಿ ಮುಹೂರ್ತದ ಫೋಟೊ ಬಂದಿತ್ತು. ಹೊಸ ಕೇಶವ ಗೋಡೆ ಹಾರುತ್ತಿದ್ದಾನೆ, ಎರಡೂ ಕಾಲು ಗಾಳಿಯಲ್ಲಿ. ಯೋಚನೆ ಮಾಡಿ ಆಯಿತು ಎಂದರ್ಥ. ನಾನು ಪೇಪರನ್ನು ಅಡಗಿಸಿಡಲು ಹೋದೆ. ಅಷ್ಟರಲ್ಲಿ ಗಿರಿಜಾ ಕೈಚಾಚಿ ಇಸಿದುಕೊಂಡು ನೋಡಿದಳು.

"ಸಿನಿಮಾಗೆ ಹೋಗ್ತೀಯಾ?" ಎಂದು ಕೇಳಿದೆ, ಮೆಲ್ಲಗೆ.

"ಹೋಗದೆ ಏನು? ನಮ್ ಕೇಶವ ಅಲ್ವಾ. ಇಂಟರ್ವಲ್ ತನಕ ನೋಡ್ಕೊಂಡು ಬರ್ತೀನಿ."

ಹಾಗಾದರೆ ಉಳಿದರ್ಧವನ್ನು ಅವರು ಯಾರಿಗಾಗಿ ತೆಗೆಯುತ್ತಿದ್ದಾರೆ ಸ್ವಾಮಿ?